ಸಿಂಗರಾಯರು ತಿರುಗಿ ನೋಡಲಿಲ್ಲ

ಗುರುಮಠ, ನಗರ ರಸ್ತೆ, ಪುಣೆ
12 ಆಗಸ್ಟ್ 2023

ಮಾನ್ಯ ಅನ್ನಪೂರ್ಣಮ್ಮನವರಿಗೆ,

ನಮಸ್ಕಾರಗಳು. ನನ್ನ ಪರಿಚಯ ನಿಮಗಿಲ್ಲ. ಹೆಸರು ಮಿಥುನ. ಊರು ಹಾಸನದ ಹತ್ತಿರ. ತಂದೆ ಚೌರಪ್ಪನವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕ್ರೈಸ್ತ ಗುರುವಾಗಲು ಪುಣೆಯ ಗುರುಮಠದಲ್ಲಿ ಓದುತ್ತಿದ್ದೇನೆ. ಇದು ಓದಿನ ಕೊನೆಯ ಹಂತ. ಪ್ರಕಾಶಕರಿಂದ ನಿಮ್ಮ ನಂಬರ್ ಪಡೆದು ಫೋನ್ ಮಾಡಿದ್ದೆ. ಗೋದಾ ಎನ್ನುವವರು ಎತ್ತಿಕೊಂಡು, "ಅಮ್ಮನಿಗೆ ಕಿವಿ ಕೇಳ್ಸಲ್ಲ, ಏನಿದ್ರೂ ಕಾಗದ ಬರೀರಿ, ಓದ್ತಾರೆ" ಎಂದರು. ಹಾಗಾಗಿ ಈ ಪತ್ರ.

ನಿಮ್ಮ ಯಜಮಾನರು ಸಿಂಗರಾಯರ ಕಾದಂಬರಿಗಳ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ನಮ್ಮ ಧರ್ಮಸಭೆ ಏಳು ದುರ್ಗುಣಗಳನ್ನು ಮಿಕ್ಕೆಲ್ಲ ಪಾಪಗಳ ಬೇರು ಎನ್ನುತ್ತದೆ: ಗರ್ವ, ಲೋಭ, ಮತ್ಸರ, ಕೋಪ, ಕಾಮ, ಹೊಟ್ಟೆಬಾಕತನ, ಜಡತೆ. ಒಂದೊಂದಕ್ಕೂ ಎದುರಾಗಿ ಒಂದು ಸದ್ಗುಣವಿದೆ. ಸಿಂಗರಾಯರ ಪಾತ್ರಗಳಲ್ಲಿ ಇವೆಲ್ಲ ಹೇಗೆ ಬಂದಿವೆ ಎಂಬುದು ನನ್ನ ವಿಷಯ.

ಅವರು ಇದೇ ಗುರುಮಠದಲ್ಲಿ ಓದಿದವರು, ದೀಕ್ಷೆಗೆ ಮುಂಚೆ ಬಿಟ್ಟು ಹೋದವರು ಎಂದು ಎಲ್ಲರಿಗೂ ಗೊತ್ತು. ನನ್ನ ಪ್ರಶ್ನೆ ಇಷ್ಟೇ. ಬಿಟ್ಟ ಮೇಲೆ ಅವರಿಗೆ ಎಂದಾದರೂ ಇದರ ನೆನಪು ಕಾಡಿತ್ತೇ? ಪ್ರಬಂಧಕ್ಕೆ ಬೇಕಾಗಿದೆ.

ವಿಧೇಯ,
ಬ್ರದರ್ ಮಿಥುನ


ಕೊಳ್ಳೇಗಾಲ
2 ಸೆಪ್ಟೆಂಬರ್ 2023

ಬ್ರದರ್ ಮಿಥುನ ಅವರಿಗೆ,

ನಿಮ್ಮ ಅಕ್ಷರ ದುಂಡಗಿದೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಮೊದಲು ಅಕ್ಷರ ನೋಡುತ್ತೇನೆ, ಆಮೇಲೆ ವಿಷಯ.

ಎಲ್ಲರೂ ಕೇಳುವುದನ್ನೇ ಕೇಳಿದ್ದೀರಿ, ಎಲ್ಲರಿಗೂ ಹೇಳಿದ್ದನ್ನೇ ಹೇಳುತ್ತೇನೆ. ಬಿಟ್ಟ ಮೇಲೆ ಅವರು ತಿರುಗಿ ನೋಡಲಿಲ್ಲ. ನನ್ನನ್ನು ಮದುವೆಯಾದರು, ಇಲ್ಲಿನ ಕಾಲೇಜಿನಲ್ಲಿ ಪಾಠ ಮಾಡಿದರು, ಕಾದಂಬರಿ ಬರೆದರು. ಎರಡು ವರ್ಷದ ಹಿಂದೆ ಹೋದರು. ಹೀಗೆಂದು ಧಾರಾಳವಾಗಿ ಬರೆದುಕೊಳ್ಳಿ.

ಪ್ರತಿಯಾಗಿ ನನಗೊಂದು ಉಪಕಾರ ಮಾಡಬೇಕು. ನಾನು ಪುಣೆ ನೋಡಿಲ್ಲ. ಒಮ್ಮೆ ನನ್ನ ತಂಗಿಯ ಮಗಳ ಮದುವೆಗೆ ಮುಂಬಯಿಗೆ ಹೋಗಿದ್ದೆವು. ಬರುವಾಗ ಪುಣೆಯಲ್ಲಿ ಇಳಿಯೋಣವೇ ಎಂದೆ. "ಅಲ್ಲೇನಿದೆ, ಬರೀ ಬಿಸಿಲು" ಎಂದರು. ರೈಲು ಪುಣೆಯಲ್ಲಿ ನಿಂತಾಗ ಮೇಲಿನ ಬರ್ತಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ಕಿಟಕಿಯಿಂದ ಪ್ಲಾಟ್‌ಫಾರ್ಮ್ ನೋಡಿದೆ. ಅಷ್ಟೇ ನನ್ನ ಪುಣೆ. ಆ ಗುರುಮಠ ಹೇಗಿದೆ, ಹುಡುಗರು ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ, ಕಿಟಕಿಯಿಂದ ಏನು ಕಾಣಿಸುತ್ತದೆ, ಬರೆಯಿರಿ. ಸುಮ್ಮನೆ, ಕುತೂಹಲಕ್ಕೆ.

ಇನ್ನೊಂದು ಸಂದೇಹ. ನಾನು ನಿಮ್ಮ ಮತದವಳಲ್ಲ, ತಪ್ಪು ತಿಳಿಯಬೇಡಿ. ಸೋಮಾರಿತನವೂ ಕೊಲೆ ಸುಲಿಗೆಯ ಹಾಗೆ ಪಾಪವೇ? ಹಾಗಾದರೆ ನನ್ನ ಗಂಡ ಭಾನುವಾರದ ಮಟ್ಟಿಗೆ ದೊಡ್ಡ ಪಾಪಿ. ವಾರವೆಲ್ಲ ಬೆಳಕು ಹರಿಯುವ ಮುಂಚೆ ಏಳುವವರು, ಭಾನುವಾರ ಜಗಲಿಯಲ್ಲಿ ಕುಳಿತರೆ ಸ್ನಾನಕ್ಕೂ ಏಳುತ್ತಿರಲಿಲ್ಲ.

ಅನ್ನಪೂರ್ಣಮ್ಮ


ಪುಣೆ
24 ಸೆಪ್ಟೆಂಬರ್ 2023

ಮಾನ್ಯ ಅಮ್ಮನವರಿಗೆ,

ಹೊರಗೆ ಗಣಪತಿಯ ಢೋಲ್ ತಾಶಾ ಬಡಿಯುತ್ತಿದೆ, ಮೇಜೇ ನಡುಗುತ್ತಿದೆ. ಅಕ್ಷರ ಕೆಟ್ಟರೆ ಕ್ಷಮಿಸಿ.

ಇಲ್ಲಿ ಎಲ್ಲ ಕೋಣೆಗಳೂ ಒಂದೇ ಥರ: ಕಬ್ಬಿಣದ ಮಂಚ, ಮೇಜು, ಗೋಡೆಯ ಮೇಲೆ ಶಿಲುಬೆ. ಸಿಂಗರಾಯರದು ಯಾವುದಿತ್ತೋ ಹೇಳುವವರಿಲ್ಲ. ನನ್ನ ಕಿಟಕಿಯಿಂದ ಮೈದಾನ ಕಾಣುತ್ತದೆ, ಅಂಚಿನಲ್ಲಿ ಗುಲ್‌ಮೊಹರ್ ಮರಗಳಿವೆ. ಅವರ ಕಾಲಕ್ಕೆ ಅದರಾಚೆ ಜೋಳದ ಹೊಲಗಳಿದ್ದವಂತೆ, ಈಗ ಅಪಾರ್ಟ್‌ಮೆಂಟುಗಳು. ಬೆಳಿಗ್ಗೆ ಎದ್ದವರು ಮೊದಲು ಪ್ರಾರ್ಥನಾಲಯಕ್ಕೆ ಹೋಗುತ್ತೇವೆ. ಯಾರೂ ಮಾತಾಡುವುದಿಲ್ಲ, ಚಪ್ಪಲಿಯ ಸದ್ದು ಮಾತ್ರ. ನೂರು ಜನ ಒಟ್ಟಿಗೆ ಸುಮ್ಮನಿರುವುದು ಹೇಗಿರುತ್ತದೆಂದು ಹೊರಗಿನವರಿಗೆ ತಿಳಿಸುವುದು ಕಷ್ಟ. ನನಗೆ ಇಲ್ಲಿ ಬಹಳ ಇಷ್ಟವಾದದ್ದು ಅದೇ.

ಜಡತೆಯ ಬಗ್ಗೆ ನೀವು ಕೇಳಿದ್ದನ್ನು ನನ್ನ ಮಾರ್ಗದರ್ಶಕರಾದ ಫಾದರ್ ಸ್ವಪ್ನಿಲ್ ಅವರಿಗೆ ಹೇಳಿದೆ. ಅವರು ಮರಾಠಿಯವರು, ಕೆಲಸದಲ್ಲಿ ಬಹಳ ಕಟ್ಟುನಿಟ್ಟು. ಕೇಳಿ ಖುಷಿಪಟ್ಟರು. ಜಡತೆ ಎಂದರೆ ಸೋಮಾರಿತನವಲ್ಲವಂತೆ. ಒಳ್ಳೆಯದೊಂದು ಎದುರಿಗಿರುತ್ತದೆ, ಅದರ ಕಡೆ ನೋಡಿದರೆ ಸಂಕಟವಾಗುತ್ತದೆ, ಅದಕ್ಕೆಂದು ಮುಖ ತಿರುಗಿಸಿಕೊಳ್ಳುವುದು ಜಡತೆ. ಹಗಲೆಲ್ಲ ದುಡಿಯುವವನಲ್ಲೂ ಅದು ಇರಬಹುದು. ಅದಕ್ಕೆ ಎದುರಾದದ್ದು ಪ್ರೀತಿಯಿಂದ ಹುಟ್ಟುವ ಸಂತೋಷ. 'ಭಾನುವಾರದ ಬಾಗಿಲು' ಕಾದಂಬರಿಯ ದಾಸಪ್ಪ ಪ್ರತಿ ಭಾನುವಾರ ದೇವಾಲಯಕ್ಕೆ ಹೊರಟವನಂತೆ ಒಳ್ಳೆಯ ಅಂಗಿ ತೊಟ್ಟು ಹೊಸ್ತಿಲಲ್ಲಿ ಕೂರುತ್ತಾನೆ, ಆದರೆ ಹೊರಗೆ ಕಾಲಿಡುವುದಿಲ್ಲ. ವಿಮರ್ಶಕರು ಅದನ್ನು ಬಂಡಾಯ ಎಂದರು. ನಾನು ಜಡತೆ ಎಂದು ಬರೆಯುತ್ತಿದ್ದೇನೆ.

ತಿಂಗಳಿಗೊಮ್ಮೆ ಪುಣೆಯ ಇನ್ನೊಂದು ಬದಿಯ ಖಡಕಿಯಲ್ಲಿ ಕನ್ನಡ ಪ್ರಾರ್ಥನೆ ನಡೆಸಲು ನನ್ನನ್ನು ಕಳಿಸುತ್ತಾರೆ. ಅಲ್ಲಿನ ಮದ್ದುಗುಂಡಿನ ಫ್ಯಾಕ್ಟರಿಯಿಂದ ನಿವೃತ್ತರಾದ ಬೆಳಗಾವಿ ಕಡೆಯ ಕ್ರೈಸ್ತ ಕುಟುಂಬಗಳು ಅಲ್ಲಿವೆ. ಕಳೆದ ಸಲ ಏಳು ಪಾಪಗಳ ಮೇಲೆ ಮಾತಾಡಿದೆ. ಮುಗಿದ ಮೇಲೆ ಅನುಜಾ ಟೀಚರ್ ಎನ್ನುವವರು, "ಬ್ರದರ್, ನೀವು ಪಾಪದ ಬಗ್ಗೆ ಭಾಳ ಚಂದ ಮಾತಾಡ್ತೀರಿ. ಮಾಡಿದ್ದು ಮಾತ್ರ ಒಂದೂ ಕಾಣಂಗಿಲ್ಲ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನೀವು ಮತ್ತು ಸಿಂಗರಾಯರು ಭೇಟಿಯಾದದ್ದು ಹೇಗೆ? ಬಿಡುವ ನಿರ್ಧಾರವನ್ನು ಅವರು ಮನೆಯವರಿಗೆ ಯಾವ ಮಾತಿನಲ್ಲಿ ಹೇಳಿದರು? ಇದೂ ಪ್ರಬಂಧಕ್ಕೆ.

ಮಿಥುನ


ಕೊಳ್ಳೇಗಾಲ
18 ಅಕ್ಟೋಬರ್ 2023

ಬ್ರದರ್ ಮಿಥುನ ಅವರಿಗೆ,

ನಿಮ್ಮ ಪತ್ರವನ್ನು ಗೋದಾಗೂ ಓದಿ ಹೇಳಿದೆ. ಗೋದಾ ನನ್ನ ಪಕ್ಕದ ಮನೆಯವಳು, ನನ್ನ ಕಿವಿಯ ಕೆಲಸವನ್ನೂ ಅವಳೇ ಮಾಡುತ್ತಾಳೆ. ಆ ಚಪ್ಪಲಿಯ ಸದ್ದಿನ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ನನ್ನ ಗಂಡ ಮನೆಯಲ್ಲಿ ಎಂದೂ ಚಪ್ಪಲಿ ಸದ್ದು ಮಾಡಿ ನಡೆದವರಲ್ಲ.

ನಾವು ಭೇಟಿಯಾದದ್ದು ಆಸ್ಪತ್ರೆಯಲ್ಲಿ. ಬೇಸಿಗೆ ರಜೆಗೆ ಬಂದಿದ್ದರು. ಇಲ್ಲಿಯ ಸಿಸ್ಟರುಗಳ ಆಸ್ಪತ್ರೆಯಲ್ಲಿ ಅವರ ಅಕ್ಕ ಒಂದು ಮಂಚದಲ್ಲಿ, ನನ್ನ ತಾಯಿ ಪಕ್ಕದ ಮಂಚದಲ್ಲಿ. ಅವರು ಅಕ್ಕನಿಗೆ ಕಥೆ ಓದಿ ಹೇಳುತ್ತಿದ್ದರು. ನನ್ನ ತಾಯಿ, "ಸ್ವಲ್ಪ ಗಟ್ಟಿಯಾಗಿ ಓದಪ್ಪ, ನಮಗೂ ಕೇಳ್ಸಲಿ" ಎಂದರು. ಗಟ್ಟಿಯಾಗಿ ಓದಿದರು. ನಾನು ಬಾಗಿಲ ಹತ್ತಿರ ನಿಂತು ಕೇಳಿದೆ. ಅಕ್ಕ ಗುಣವಾದ ಮೇಲೂ ಒಂದು ವಾರ ಬಂದು ನನ್ನ ತಾಯಿಗೆ ಓದಿದರು. ಆಮೇಲೆ ಪುಣೆಗೆ ಹೋದರು. ಮರುವರ್ಷ ಒಂದು ಟ್ರಂಕು ಹಿಡಿದುಕೊಂಡು ವಾಪಸು ಬಂದರು.

ಯಾವ ಮಾತಿನಲ್ಲಿ ಹೇಳಿದರೋ ನನಗೆ ತಿಳಿಯದು. ಅವರ ತಂದೆ ಬಾಗಿಲು ಹಾಕಿಕೊಂಡರು. ನನ್ನ ತಂದೆಯೂ ಹಾಕಿಕೊಂಡರು. ನಾವು ಬಾಡಿಗೆ ಮನೆ ಹುಡುಕಿದೆವು. ಆ ಮನೆಯಲ್ಲಿ ಬಚ್ಚಲಿಗೆ ಬಾಗಿಲಿರಲಿಲ್ಲ, ಗೋಣಿತಾಟು ಕಟ್ಟಿದ್ದೆವು. ಅಷ್ಟು ನಗುತ್ತಿದ್ದೆವು ಆ ದಿನಗಳಲ್ಲಿ.

ಖಡಕಿಯ ಅನುಜಾ ಟೀಚರಮ್ಮನ ಮಾತು ನನಗೆ ಬಹಳ ಹಿಡಿಸಿತು. ಅವರಿಗೆ ನನ್ನ ನಮಸ್ಕಾರ ಹೇಳಿ. ನನ್ನ ವಯಸ್ಸಿನವರೇ ಇರಬೇಕು. ಪುಣೆಯಲ್ಲಿ ಚಳಿ ಹೆಚ್ಚಂತೆ, ಮಂಡಿಗೆ ಬೆಚ್ಚಗೆ ಸುತ್ತಿಕೊಳ್ಳಲು ಹೇಳಿ.

ಅನ್ನಪೂರ್ಣಮ್ಮ


ಪುಣೆ
26 ನವೆಂಬರ್ 2023

ಅಮ್ಮನವರಿಗೆ,

ನಿಮ್ಮ ನಮಸ್ಕಾರವನ್ನು ಅನುಜಾ ಟೀಚರ್‌ಗೆ ತಿಳಿಸಿದೆ. ಮಂಡಿಯ ವಿಷಯವನ್ನೂ ಹೇಳಿದೆ. ಬಹಳ ಹೊತ್ತು ನಕ್ಕರು. ನಿಮಗೆ ಥ್ಯಾಂಕ್ಸ್ ಹೇಳಿದ್ದಾರೆ.

ಪ್ರಬಂಧ ನಿಧಾನವಾಗಿದೆ. 'ತಿರುಗಿ ನೋಡಲಿಲ್ಲ' ಎಂಬ ನಿಮ್ಮ ಮಾತನ್ನು ಕೊನೆಯ ಅಧ್ಯಾಯದಲ್ಲಿ ಸೇರಿಸಿದ್ದೆ. ಫಾದರ್ ಸ್ವಪ್ನಿಲ್ ಅದರ ಕೆಳಗೆ ಗೆರೆ ಎಳೆದು, "ತಿರುಗಿ ನೋಡದವನು ಜೀವನವಿಡೀ ಪಾಪದ ಬಗ್ಗೆ, ದೇವಾಲಯದ ಬಗ್ಗೆ ಯಾಕೆ ಬರೆದ?" ಎಂದು ಕೇಳಿದರು. ನನಗೆ ಸಿಟ್ಟು ಬಂತು. ಅವರ ಜೊತೆ ಬದುಕಿದವರು ನೀವು, ಫಾದರ್ ಅಲ್ಲ.

ಈ ವರ್ಷ ನಮ್ಮ ತಂಡದವರು ಗುರುದೀಕ್ಷೆಗೆ ಮುಂಚಿನ ದೀಕ್ಷೆಯನ್ನು ಪಡೆಯಬೇಕು. ಬ್ರಹ್ಮಚರ್ಯದ ಮಾತು ಕೊಡುವುದು ಅಂದೇ. ಯಾರ ಒತ್ತಾಯವೂ ಇಲ್ಲದೆ ಕೇಳಿಕೊಳ್ಳುತ್ತಿದ್ದೇನೆಂದು ಧರ್ಮಾಧ್ಯಕ್ಷರಿಗೆ, ಅಂದರೆ ಬಿಷಪ್ಪರಿಗೆ, ಕೈಬರಹದಲ್ಲಿ ಅರ್ಜಿ ಕೊಡಬೇಕು. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲ ಶುರುವಾಗುವ ಮುಂಚೆ, ಅಂದರೆ ಫೆಬ್ರವರಿಯೊಳಗೆ. ಗೆಳೆಯರು ಬರೆದಾಗಿದೆ.

ಒಂದು ಪ್ರಶ್ನೆ, ಇದೇ ಕೊನೆಯದು. ಒಂದನ್ನು ಆರಿಸಿಕೊಂಡ ಮೇಲೆ ಇನ್ನೊಂದರ ಹಂಬಲ ನಿಂತುಹೋಗುತ್ತದೆಯೇ? ಸಿಂಗರಾಯರ ವಿಷಯದಲ್ಲಿ ಎಂದು ಕೇಳುತ್ತಿದ್ದೇನೆ.

ಮಿಥುನ


ಕೊಳ್ಳೇಗಾಲ
14 ಡಿಸೆಂಬರ್ 2023

ಬ್ರದರ್ ಮಿಥುನ ಅವರಿಗೆ,

ಬೆಂಗಳೂರಿಗೆ ಹೋಗಿಬಂದೆ, ಅದಕ್ಕೆ ತಡವಾಯಿತು. ಅವರ ಸಮಗ್ರ ಕಾದಂಬರಿಗಳನ್ನು ಒಟ್ಟಾಗಿ ತರುತ್ತಿದ್ದಾರೆ, ಅದರ ಘೋಷಣೆಯ ಸಭೆ. ಶಾಲು ಹೊದಿಸಿದರು. ಎರಡು ಮಾತಾಡಿ ಎಂದರು. 'ತಿರುಗಿ ನೋಡಲಿಲ್ಲ' ಎಂಬ ಅದೇ ಮಾತನ್ನು ಹೇಳಿದೆ. ನನಗೆ ಚಪ್ಪಾಳೆ ಕೇಳಿಸಲಿಲ್ಲ, ಆದರೆ ಮುಂದಿನ ಸಾಲಿನ ಹುಡುಗ ಹುಡುಗಿಯರೆಲ್ಲ ಎದ್ದು ನಿಂತದ್ದು ಕಂಡಿತು. ಸಂಪಾದಕ ಋಷಿಕೇಶ ಎಂಬ ತರುಣ, ಮುನ್ನುಡಿಯನ್ನು ನಾನೇ ಬರೆಯಬೇಕು, ಆ ಸಾಲಿನಿಂದಲೇ ಶುರುಮಾಡಬೇಕು ಎಂದು ಚೀಟಿಯಲ್ಲಿ ಬರೆದು ತೋರಿಸಿದ.

ನಿಮ್ಮ ಫಾದರ್ ಬುದ್ಧಿವಂತರು. ಆದರೆ ಕಾದಂಬರಿಕಾರ ಕಂಡದ್ದನ್ನು ಬರೆಯುತ್ತಾನೆ; ಅವರು ಹುಡುಗರಾಗಿದ್ದಾಗ ಕಂಡದ್ದು ಅದು, ಬರೆದರು.

ನಿಮ್ಮ ಪ್ರಶ್ನೆಗೆ ಉತ್ತರ: ನಿಂತುಹೋಗುತ್ತದೆ.

ನಿಮ್ಮ ಅರ್ಜಿ, ದೀಕ್ಷೆ ಎಲ್ಲ ಸುಗಮವಾಗಲಿ. ನಿಮ್ಮ ತಾಯಿಗೆ ಎಷ್ಟು ಸಂತೋಷವೋ.

ಅನ್ನಪೂರ್ಣಮ್ಮ


ಪುಣೆ
9 ಜನವರಿ 2024

ಅಮ್ಮ,

'ಅಮ್ಮನವರಿಗೆ' ಎಂದು ಬರೆಯಲು ಕೈ ಬರಲಿಲ್ಲ, ಕ್ಷಮಿಸಿ.

ನಾನು ಅರ್ಜಿ ಬರೆಯುವುದಿಲ್ಲ. ಇನ್ನೂ ಯಾರಿಗೂ ಹೇಳಿಲ್ಲ, ಮೊದಲು ನಿಮಗೆ ಹೇಳುತ್ತಿದ್ದೇನೆ. ಅನುಜಾ ಟೀಚರ್ ನಿಮ್ಮ ವಯಸ್ಸಿನವರಲ್ಲ. ನನಗಿಂತ ಎರಡು ವರ್ಷ ಚಿಕ್ಕವಳು. ಖಡಕಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ನೀವು ತಪ್ಪು ತಿಳಿದಾಗ ನಾನು ತಿದ್ದಬೇಕಿತ್ತು. ತಿದ್ದಲಿಲ್ಲ, ಏಕೆಂದರೆ ತಿದ್ದಿದ್ದರೆ ಅವಳ ಬಗ್ಗೆ ಮತ್ತೆ ಬರೆಯಲು ಆಗುತ್ತಿರಲಿಲ್ಲ. ನಿಮ್ಮ ಪತ್ರದಲ್ಲಿ ಅವಳ ಹೆಸರು ನೋಡುವುದೂ ತಪ್ಪಿಹೋಗುತ್ತಿತ್ತು.

ಪ್ರಬಂಧ ಸುಳ್ಳಲ್ಲ. ಆದರೆ ನಿಮಗೆ ಕೇಳಿದ ಪ್ರಶ್ನೆಗಳು ನನ್ನವು. ಬಿಟ್ಟುಹೋದವನೊಬ್ಬ ನೆಮ್ಮದಿಯಿಂದ ಬದುಕಿದನೇ ಎಂದು ತಿಳಿಯಬೇಕಿತ್ತು. ಇಲ್ಲಿ ಅಂಥವರನ್ನು ಯಾರೂ ಹೆಸರಿಸುವುದಿಲ್ಲ. ಕೇಳಲು ನೀವೊಬ್ಬರೇ ಇದ್ದಿರಿ. 'ನಿಂತುಹೋಗುತ್ತದೆ' ಎಂದು ಬರೆದಿರಿ. ಆ ಒಂದು ಪದದ ಮೇಲೆ ನಾನು ಈಗ ನಿಂತಿದ್ದೇನೆ. ಬೆಳಗಿನ ಆ ಮೌನ, ಪ್ರಾರ್ಥನಾಲಯ, ಮುಂದೆ ಗುರುವಾಗಿ ನಾನೇ ರೊಟ್ಟಿ ದ್ರಾಕ್ಷಾರಸ ಎತ್ತಿ ಅರ್ಪಿಸಬೇಕಿದ್ದ ಬಲಿಪೂಜೆ, ಇವುಗಳ ಹಂಬಲವೂ ಒಂದು ದಿನ ನಿಲ್ಲುತ್ತದೆ ಎಂದಾದರೆ ನನಗೆ ಭಯವಿಲ್ಲ.

ತಿಂಗಳ ಕೊನೆಗೆ ಫಾದರ್ ಸ್ವಪ್ನಿಲ್ ಅವರಿಗೆ ತಿಳಿಸುತ್ತೇನೆ.

ನಿಮ್ಮ,
ಮಿಥುನ


ಕೊಳ್ಳೇಗಾಲ
16 ಜನವರಿ 2024

ಮಗು ಮಿಥುನ,

ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ತಿಂಗಳ ಕೊನೆಯ ಮುಂಚೆ ನಿನ್ನ ಕೈ ಸೇರಬೇಕು.

ನಿಂತುಹೋಗುವುದಿಲ್ಲ. ನಾನು ಬರೆದದ್ದು ನಿಜವಲ್ಲ.

ಭಾನುವಾರ ಅವರು ಜಗಲಿಯಲ್ಲಿ ಕೂರುತ್ತಿದ್ದರು ಎಂದು ಬರೆದಿದ್ದೆನಲ್ಲ. ನಮ್ಮ ಬೀದಿಯ ತುದಿಯಲ್ಲಿ ನಿಮ್ಮವರ ದೇವಾಲಯವಿದೆ. ಪೂಜೆಯ ಮೊದಲ ಗಂಟೆ ಬಡಿದಾಗ ಬಂದು ಕೂರುತ್ತಿದ್ದರು, ಜನ ಹೋಗುವುದನ್ನು ನೋಡುತ್ತಿರಲಿಲ್ಲ, ಪೇಪರ್ ಅಡ್ಡ ಹಿಡಿದಿರುತ್ತಿದ್ದರು. ಎಲ್ಲ ಮುಗಿದು ಜನ ಮನೆಗೆ ಹೋದ ಮೇಲೆ ಎದ್ದು ಸ್ನಾನ. ಆ ಹೊತ್ತಿನಲ್ಲಿ ನಾನು ಮಾತಾಡಿಸಿದರೆ ಉತ್ತರ ಬರುತ್ತಿರಲಿಲ್ಲ. ನಿನ್ನ ಜಡತೆಯ ವಿವರಣೆ ಓದಿದ ದಿನ ನಾನು ಊಟ ಮಾಡಲಿಲ್ಲ. ಐವತ್ತು ವರ್ಷ ಸೋಮಾರಿತನ ಎಂದುಕೊಂಡಿದ್ದೆ. ಅಲ್ಲ, ನಿಜವಾಗಿ ಎಂದುಕೊಂಡಿರಲಿಲ್ಲ, ಹಾಗೆ ಅಂದುಕೊಂಡರೆ ನನಗೆ ಸಲೀಸಾಗಿತ್ತು.

ಕಾಯಿಲೆಯ ಕೊನೆಯಲ್ಲಿ ಒಂದು ಮಧ್ಯಾಹ್ನ ಕುಡಿಯಲು ನೀರು ಕೊಟ್ಟೆ. ಲೋಟವನ್ನು ಎರಡು ಕೈಯಲ್ಲೂ ಹಿಡಿದು ಮೇಲೆತ್ತಿದರು. ತುಟಿ ಅಲ್ಲಾಡುತ್ತಿತ್ತು. ನಿಮ್ಮವರ ಮದುವೆಯ ಪೂಜೆಗಳಲ್ಲಿ ಗುರುಗಳು ದ್ರಾಕ್ಷಾರಸದ ಪಾತ್ರೆ ಎತ್ತುವುದನ್ನು ನೋಡಿದ್ದೇನೆ, ನನಗೆ ತಿಳಿಯಿತು. ನೀರು ಎದೆಯ ಮೇಲೆ ಚೆಲ್ಲಿತು. ಬಟ್ಟೆ ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಅವರು ಮುಗಿಸುವ ತನಕ ಅಲ್ಲೇ ನಿಂತೆ. ಏನು ಹೇಳುತ್ತಿದ್ದೀರಿ ಎಂದು ಕೇಳಲಿಲ್ಲ. ಅಂದು ಮಾತ್ರವಲ್ಲ, ಎಂದೂ ಕೇಳಿದವಳಲ್ಲ.

ಅವರು ನನ್ನನ್ನು ಪ್ರೀತಿಸಲಿಲ್ಲ ಎಂದುಕೊಳ್ಳಬೇಡ. ನನ್ನ ಬಸಿರು ಎರಡು ಸಲವೂ ಉಳಿಯದೆ ಹೋದಾಗ ನನ್ನ ತಲೆ ಬಾಚಿ ಜಡೆ ಹೆಣೆದವರು ಅವರು. ಅವರು ನನ್ನೊಡನೆ ಸುಖವಾಗಿದ್ದರು, ಅದು ನನಗೆ ಗೊತ್ತು. ಆ ಸುಖದ ಒಳಗೇ ಇದೂ ಇತ್ತು. ನನಗೆ ಎರಡನ್ನೂ ಒಟ್ಟಿಗೆ ನೋಡಲಾಗಲಿಲ್ಲ. ಅವರು ತಿರುಗಿ ನೋಡಿದ್ದರೆ ನಾನು ಅವರಿಗೆ ಸಾಲದೆ ಹೋದೆ ಎಂದಾಗುತ್ತದಲ್ಲ, ಆ ಭಯ. ನಾನು ನೋಡದ ಒಂದು ಊರಿನ ಮೇಲೆ, ಒಂದು ಕಟ್ಟಡದ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ನಿಮ್ಮ ಏಳರಲ್ಲಿ ಮತ್ಸರ ಇದೆಯಲ್ಲ, ಅದು ಕಟ್ಟಡದ ಮೇಲೂ ಆಗುತ್ತದೆಯೇ, ನಿನ್ನ ಫಾದರನ್ನು ಕೇಳು.

ಆದ್ದರಿಂದ ನನ್ನ ಪದದ ಮೇಲೆ ನಿಲ್ಲಬೇಡ. ಬಿಟ್ಟರೂ ಹಂಬಲ ಇರುತ್ತದೆ. ಉಳಿದರೂ ಇರುತ್ತದೆ ಎಂದು ಕಾಣುತ್ತದೆ, ಆ ಹುಡುಗಿಯದು. ಯಾವುದು ಕಡಿಮೆ ನೋಯುತ್ತದೆ ಎಂದು ನನ್ನಿಂದ ಹೇಳಲಾಗದು.

ಅಂದಹಾಗೆ, ಆ ಹುಡುಗಿಯನ್ನು ಕೇಳಿದ್ದೀಯಾ? ನಿನ್ನ ಈ ಪತ್ರದಲ್ಲಿ ಅವಳು ಒಂದು ಮಾತನ್ನೂ ಆಡಿಲ್ಲ.

ಅನ್ನಪೂರ್ಣಮ್ಮ


ಕೊಳ್ಳೇಗಾಲ
26 ಫೆಬ್ರವರಿ 2024

ಮಿಥುನ,

ನಿನ್ನಿಂದ ಪತ್ರವಿಲ್ಲ. ನಿನ್ನ ನಂಬರಿಗೆ ಗೋದಾ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲವಂತೆ. ತಪಸ್ಸು ಕಾಲ ಶುರುವಾಯಿತು ಎಂದು ಇಲ್ಲಿ ಹಣೆಗೆ ಬೂದಿ ಹಚ್ಚಿಕೊಂಡವರನ್ನು ನೋಡಿ ತಿಳಿಯಿತು. ಮೊದಲ ಸುಳ್ಳೂ ನನ್ನದೇ, ಆಮೇಲಿನ ನಿಜವೂ ನನ್ನದೇ. ಯಾವುದರಿಂದ ನಿನಗೆ ಕೆಟ್ಟದಾಯಿತೋ. ಒಂದು ಕಾರ್ಡು ಹಾಕು, ಸಾಕು. ಕಾರಣ ಬರೆಯಬೇಕಿಲ್ಲ.

ಅನ್ನಪೂರ್ಣಮ್ಮ


ವಾಕಡ, ಪುಣೆ
7 ಏಪ್ರಿಲ್ 2024

ಅಮ್ಮ,

ನಿಮ್ಮ ಫೆಬ್ರವರಿಯ ಪತ್ರ ಗುರುಮಠಕ್ಕೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂತು. ಮೇಲಿನ ವಿಳಾಸ ನೋಡಿದರೆ ನಿಮಗೆ ತಿಳಿಯುತ್ತದೆ.

ನಿಮ್ಮ ಜನವರಿಯ ಪತ್ರ ಓದಿ ನಿಮ್ಮ ಮೇಲೆ ಕೋಪ ಬಂದಿತ್ತು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಕೊನೆಯ ಸಾಲು ಬಿಡಲಿಲ್ಲ. ಖಡಕಿಗೆ ಹೋದೆ. ಪ್ರಾರ್ಥನೆ ಮುಗಿದ ಮೇಲೆ ದೇವಾಲಯದ ಮೆಟ್ಟಿಲ ಮೇಲೆ ಅನುಜಾಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಇದನ್ನ ಮೊದಲ ಯಾರಿಗೆ ಹೇಳಿದ್ರಿ?" ಎಂದಳು.

"ಕೊಳ್ಳೇಗಾಲದ ಅಮ್ಮನಿಗೆ."

"ಅಂದ್ರ ನನ್ನ ಲಗ್ನದ ಸುದ್ದಿ ನನಗಿಂತ ಮೊದಲ ಕೊಳ್ಳೇಗಾಲಕ್ಕ ಹೋತೇನ್ರಿ?"

ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. "ನೀವು ಬರೂ ದಿನ ನಾ ಲಗೂ ಎದ್ದು ತಯಾರಾಗ್ತಿದ್ದೆ. ನಮ್ಮವ್ವಗ ಗೊತ್ತಾಗೇದ. ಇಲ್ಲಾ ಅನ್ನಂಗಿಲ್ಲ ನಾ. ಆದ್ರ ನನ್ನ ಸಲುವಾಗಿ ಬಿಟ್ಟು ಬರಬ್ಯಾಡ್ರಿ. ನಾಳೆ ಒಂದಿನ ಮನಿಯಾಗ ಏನರ ಜಗಳಾದ್ರ, ಇಕಿ ಸಲುವಾಗಿ ಎಲ್ಲಾ ಬಿಟ್ಟೆ ಅನಸ್ತದ ನಿಮಗ. ನೀವು ಬಾಯಿ ಬಿಟ್ಟು ಹೇಳಂಗಿಲ್ಲ, ಆದ್ರ ಅನಸ್ತದ. ಬಿಡೂದಿದ್ರ ನಿಮ್ಮ ಸಲುವಾಗಿ ಬಿಡ್ರಿ. ಆಮ್ಯಾಲೆ ಬಂದು ಕೇಳ್ರಿ."

"ಅಷ್ಟರಲ್ಲಿ ನಿಮಗೆ ಬೇರೆ ಕಡೆ ಆದರೆ?"

"ಆದ್ರ ಆತು" ಎಂದಳು. ಎದ್ದು ಒಳಗೆ ಹೋಗಿ ಕುರ್ಚಿ ಮಡಚತೊಡಗಿದಳು. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದಳು.

ಅರ್ಜಿಯ ಕಾಗದ ಮುಂದಿಟ್ಟುಕೊಂಡು ಹಲವು ದಿನ ಕುಳಿತೆ. ಅವಳು ಸಿಗುವುದೇ ಇಲ್ಲ ಎಂದುಕೊಂಡು ಬರೆಯಲು ನೋಡಿದೆ. 'ಯಾರ ಒತ್ತಾಯವೂ ಇಲ್ಲದೆ' ಎಂಬಲ್ಲಿ ಪೆನ್ನು ನಿಂತಿತು. ನಾನು ಹುಟ್ಟುವ ಮುಂಚೆಯೇ ನನ್ನ ತಾಯಿ ನನ್ನನ್ನು ದೇವರಿಗೆ ಕೊಡುವುದಾಗಿ ಹರಕೆ ಹೊತ್ತಿದ್ದಳು. ಹದಿನಾರಕ್ಕೆ ಸೇರಿದೆ. ಇದನ್ನು ನಾನು ಪ್ರೀತಿಸಿದೆ, ಆದರೆ ನಾನಾಗಿ ಕೇಳಿದ್ದಲ್ಲ. ಅದನ್ನು ಫಾದರ್ ಸ್ವಪ್ನಿಲ್ ಅವರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. "ಹಾಗಾದರೆ ಬರೆಯಬೇಡ. ಆದರೆ ಹೋಗುವಾಗ ಎಲ್ಲರ ಜೊತೆ ಊಟ ಮಾಡಿ, ಎಲ್ಲರಿಗೂ ಹೇಳಿ ಹೋಗು" ಎಂದರು. ಗೇಟಿನ ತನಕ ನನ್ನ ಚೀಲ ಹೊತ್ತು ತಂದರು. ನಿಮ್ಮ ಪತ್ರವನ್ನು ಅವರಿಗೆ ಅನುವಾದಿಸಿ ಹೇಳಿ, ಕಟ್ಟಡದ ಮತ್ಸರದ ಪ್ರಶ್ನೆ ಕೇಳಿದೆ. ಆಗುತ್ತದೆ ಎಂದರು. ಅದಕ್ಕೆ ಮದ್ದೂ ಕೇಳಿದೆ. "ಇನ್ನೊಬ್ಬರು ಪ್ರೀತಿಸಿದ್ದು ಒಳ್ಳೆಯದೇ ಎಂದು ಒಪ್ಪಿಕೊಳ್ಳುವುದು. ಅವರು ಒಪ್ಪಿಕೊಂಡಾಗಿದೆ, ಪತ್ರದಲ್ಲೇ ಇದೆ" ಎಂದರು.

ಈಗ ಹಾಸನದ ಗೆಳೆಯ ಪುನೀತನ ಕೋಣೆಯಲ್ಲಿದ್ದೇನೆ. ಹಿಂಜವಡಿಯಲ್ಲಿ ಅವನಿಗೆ ಕಂಪನಿ ಕೆಲಸ. "ಮಚ್ಚಾ, ಒಂದು ಸಿವಿ ಮಾಡೋಣ, ಆದ್ರೆ ಸ್ಕಿಲ್ಸ್ ಅಂತ ಏನ್ ಹಾಕೋದು, ಏಳು ಪಾಪಾನಾ?" ಎನ್ನುತ್ತಾನೆ. ಇಲ್ಲೇ ಕೊಂಢವಾ ಬಡಾವಣೆಯ ಒಂದು ಶಾಲೆಯಲ್ಲಿ ಜೂನ್‌ನಿಂದ ಇಂಗ್ಲಿಷ್ ಕಲಿಸಲು ಕರೆದಿದ್ದಾರೆ. ನನ್ನ ತಾಯಿ ಫೋನ್ ಎತ್ತುತ್ತಿಲ್ಲ.

ಗುರುಮಠದಲ್ಲಿ ನಡೆಯುವ ಪಾಸ್ಖ, ಅಂದರೆ ಈಸ್ಟರ್ ಹಬ್ಬದ ಪೂಜೆಗೆ ಹೋಗದಿರಲು ನನ್ನ ಬಳಿ ಬೇಕಾದಷ್ಟು ಕಾರಣಗಳಿದ್ದವು. ಶರ್ಟು ಹಾಕಿಕೊಂಡು ಕೋಣೆಯ ಬಾಗಿಲಲ್ಲಿ ನಿಂತೆ. ಪೇಪರ್ ಅಡ್ಡ ಹಿಡಿದು ಕೂತವರ ನೆನಪಾಯಿತು. ಹೋದೆ. ಕೊನೆಯ ಸಾಲಿನಲ್ಲಿ, ಮಗು ಎತ್ತಿಕೊಂಡವರ ನಡುವೆ ನಿಂತೆ. ನನ್ನ ಗೆಳೆಯರು ಬಿಳಿ ನಿಲುವಂಗಿಯಲ್ಲಿ ಮುಂದೆ ನಡೆದು ಹೋದರು. ಬಹಳ ನೋವಾಯಿತು, ಅಮ್ಮ. ಮುಗಿಯುವ ತನಕ ಇದ್ದೆ. ಮುಂದಿನ ಭಾನುವಾರವೂ ಹೋಗುತ್ತೇನೆ.

ಮಿಥುನ


ಕೊಳ್ಳೇಗಾಲ
19 ಮೇ 2024

ಪ್ರೀತಿಯ ಮಿಥುನ,

ಕೋಪ ಬಂದಿತ್ತು ಎಂದು ಬರೆದದ್ದು ಒಳ್ಳೆಯದಾಯಿತು. ಇಷ್ಟು ದಿನ ನಾನು ಬರೆಯದಿದ್ದದ್ದು ಮುನಿಸಿನಿಂದಲ್ಲ, ಮುನ್ನುಡಿಯಿಂದ.

ಅದನ್ನು ಬರೆದುಕೊಟ್ಟೆ. 'ನನ್ನ ಗಂಡ ತಿರುಗಿ ನೋಡುತ್ತಲೇ ಇದ್ದರು, ನಾನು ನೋಡದ ಹಾಗೆ ಇದ್ದೆ' ಎಂದು ಶುರುಮಾಡಿದ್ದೇನೆ. ಋಷಿಕೇಶ ಮನೆಗೇ ಬಂದ. ಗೋದಾ ನಡುವೆ ಕುಳಿತು ಅವನ ಮಾತನ್ನು ನನ್ನ ಕಿವಿಯ ಹತ್ತಿರ ಕೂಗಿದಳು. "ಅಮ್ಮಾ, ಜನ ಅವರನ್ನ ಇಷ್ಟಪಡೋದೇ ಆ ಒಂದು ಮಾತಿಗೆ ಅಲ್ವಾ?" ಎಂದನಂತೆ. "ಹಾಗಾದರೆ ಜನ ಇಷ್ಟಪಟ್ಟಿದ್ದು ನನ್ನನ್ನ. ಆ ಮಾತು ನನ್ನದು, ಅವರು ಯಾವತ್ತೂ ಆಡಿದ್ದಲ್ಲ" ಎಂದೆ. ಪಾಪ, ಕಾಫಿ ಕುಡಿಯದೆ ಹೋದ. ಆಮೇಲೆ ಅಚ್ಚಿಗೆ ಒಪ್ಪಿದ.

ಪತ್ರಿಕೆಯಲ್ಲಿ ಒಂದು ಭಾಗ ಬಂತು. ಕೆಲವರು ಅವರು ಕೊನೆಗೂ ಮತಕ್ಕೆ ಮರಳಿದರು ಎಂದು ಸಂತೋಷಪಟ್ಟಿದ್ದಾರೆ. ಕೆಲವರು ಮುದುಕಿಗೆ ಅರಳುಮರುಳು ಎಂದಿದ್ದಾರೆ. ಇಬ್ಬರೂ ಮುನ್ನುಡಿ ಪೂರ್ತಿ ಓದಿದಂತಿಲ್ಲ. ನಾನು ಅವರ ಕಾದಂಬರಿಗಳನ್ನು ಮೊದಲಿನಿಂದ ಓದುತ್ತಿದ್ದೇನೆ. ಕೈಬರಹದಲ್ಲಿ ಎಲ್ಲವನ್ನೂ ಮೊದಲು ಓದಿದವಳು ನಾನೇ. ಆಗ ಕಾಗುಣಿತ ತಿದ್ದುತ್ತಿದ್ದೆ.

ತಾಯಿಗೆ ಫೋನ್ ಮಾಡುವುದನ್ನು ನಿಲ್ಲಿಸಬೇಡ. ಎತ್ತದಿದ್ದರೂ ಗಂಟೆ ಬಾರಿಸಿದ್ದು ಅವರಿಗೆ ಕೇಳಿರುತ್ತದೆ.

ಅನ್ನಪೂರ್ಣಮ್ಮ


ವಾಕಡ, ಪುಣೆ
15 ಸೆಪ್ಟೆಂಬರ್ 2024

ಅಮ್ಮ,

ಜುಲೈ ಕೊನೆಯಲ್ಲಿ ಖಡಕಿಗೆ ಹೋಗಿ ಕೇಳಿದೆ. ಅನುಜಾ ಒಪ್ಪಿದಳು. ಅವಳ ತಂದೆ ಒಪ್ಪಲು ಇನ್ನೊಂದು ತಿಂಗಳು ಹಿಡಿಯಿತು. "ಮಠಾ ಬಿಟ್ಟವ ನಾಳೆ ಮಗಳನ್ನ ಬಿಡಂಗಿಲ್ಲಂತ ಏನು ಗ್ಯಾರಂಟಿ?" ಎಂದು ಮುಖದ ಮೇಲೆಯೇ ಕೇಳಿದರು. ಪ್ರತಿ ಭಾನುವಾರ ದೇವಾಲಯದಲ್ಲಿ ನನ್ನನ್ನು ನೋಡಿ ನೋಡಿ, ಒಂದು ದಿನ ತಾವೇ ಪಕ್ಕದಲ್ಲಿ ಬಂದು ಕುಳಿತರು.

ನವೆಂಬರ್ 23ಕ್ಕೆ ಖಡಕಿಯಲ್ಲಿ ಮದುವೆ. ಅಪ್ಪ ಬರುತ್ತಾರೆ. ತಾಯಿ ಈಗ ಫೋನ್ ಎತ್ತುತ್ತಾಳೆ, ಮಾತಾಡುವುದಿಲ್ಲ, ನಾನು ಹೇಳುವುದನ್ನು ಕೇಳಿಸಿಕೊಂಡು ಇಡುತ್ತಾಳೆ. ಬರುತ್ತಾಳೋ ತಿಳಿಯದು. ನೀವು ಬರಬೇಕು.

ಹಂಬಲ ನಿಂತಿಲ್ಲ. ಅನುಜಾಗೆ ಅದನ್ನು ಹೇಳಿಲ್ಲ. ಇಷ್ಟು ಸಂತೋಷದ ದಿನಗಳಲ್ಲಿ ಅವಳಿಗೆ ಯಾಕೆ ಎಂದು.

ಮಿಥುನ

ಅಮ್ಮಾರ, ನಾನೇ ಆ ವಯಸ್ಸಾದ ಟೀಚರು. ನೀವು ಬರಲಿಕ್ಕೇ ಬೇಕ್ರಿ. ನಮ್ಮ ಮನಿಯಾಗ ಇರ್ರಿ. ಮ್ಯಾಲಿಂದು ಏನು ಬರದಾರ ನಾ ಓದಿಲ್ಲ, ಬರೇ ಕೆಳಗ ಜಾಗಾ ಬಿಡಿಸಿಕೊಂಡೀನಿ.
ಅನುಜಾ


ಕೊಳ್ಳೇಗಾಲ
6 ಅಕ್ಟೋಬರ್ 2024

ಚಿರಂಜೀವಿ ಅನುಜಾಳಿಗೆ,

ಆಶೀರ್ವಾದಗಳು. ಈ ಪತ್ರವನ್ನು ನಿನ್ನ ಹೆಸರಿಗೇ ಬರೆದಿದ್ದೇನೆ. ಗೋದಾ ಮತ್ತು ನಾನು ಮದುವೆಗೆ ಮೂರು ದಿನ ಮುಂಚೆ ಬರುತ್ತೇವೆ. ಮೈಸೂರಿನಿಂದ ರೈಲಿಗೆ ಟಿಕೆಟ್ ಆಗಿದೆ. ನನಗೆ ಮೆಟ್ಟಿಲು ಹತ್ತುವುದು ಕಷ್ಟ, ಕೆಳಗಿನ ಮನೆಯಾದರೆ ಒಳ್ಳೆಯದು. ಊಟಕ್ಕೆ ಯೋಚಿಸಬೇಡ, ನಿಮ್ಮ ಕಡೆಯ ರೊಟ್ಟಿ ತಿನ್ನಲು ನನಗೆ ಹಲ್ಲಿಲ್ಲ, ಅನ್ನ ಸಾರು ಸಾಕು.

ಒಂದು ಮಾತು ಹೇಳಬೇಕು. ಮದುವೆಯ ಗದ್ದಲದಲ್ಲಿ ಹೇಳಲು ಆಗುವುದಿಲ್ಲ, ನನಗೆ ಸಣ್ಣ ದನಿಯಲ್ಲಿ ಮಾತಾಡಲೂ ಈಗ ಬರುವುದಿಲ್ಲ.

ಮಿಥುನ ಕೆಲವು ದಿನ ಸುಮ್ಮನಾಗುತ್ತಾನೆ. ದೇವಾಲಯದಿಂದ ಬಂದ ದಿನ, ಗೆಳೆಯರ ದೀಕ್ಷೆಯ ಕಾರ್ಡು ಬಂದ ದಿನ. ನೀನು ಗಣಿತದವಳು, ಕಾರಣ ಹುಡುಕಲು ನಿನಗೆ ತಡವಾಗುವುದಿಲ್ಲ. ಆಗ ಬೇರೆ ಕೆಲಸ ನೆನಪು ಮಾಡಿಕೊಂಡು ಒಳಗೆ ಹೋಗಬೇಡ. ಪಕ್ಕದಲ್ಲಿ ಕುಳಿತು ಏನು ನೆನಪಾಯಿತು ಎಂದು ಕೇಳು. ಹೇಳಲಿಕ್ಕೆ ಅವನಿಗೆ ಸಂಕೋಚ, ನಿನಗೆ ನೋವಾದೀತೆಂದು. ನೋವಾಗುತ್ತದೆ. ಆದರೂ ಕೇಳು. ಅವನು ಹೇಳುವುದರಲ್ಲಿ ನಿನ್ನ ಪಾಲಿನದೇನೂ ಕಡಿಮೆಯಾಗುವುದಿಲ್ಲ. ಇದು ನನಗೆ ಗೊತ್ತಾದದ್ದು ಅವರು ಹೋದ ಮೇಲೆ, ಅವರ ಪುಸ್ತಕಗಳನ್ನು ಮತ್ತೆ ಓದಿದಾಗ. ಆ ಪುಟಗಳಲ್ಲಿ ದೇವಾಲಯ ಎಷ್ಟಿದೆಯೋ ನಾನೂ ಅಷ್ಟೇ ಇದ್ದೇನೆ. ನನ್ನ ಜಡೆ, ನಮ್ಮ ಗೋಣಿತಾಟಿನ ಬಚ್ಚಲು, ಎಲ್ಲ ಇದೆ. ಕಾಗುಣಿತ ತಿದ್ದುತ್ತಾ ಅದನ್ನೂ ನೋಡದೆ ಬಿಟ್ಟಿದ್ದೆ.

ನಾನು ಹೆದರುತ್ತಿದ್ದದ್ದು ಅವರ ಉತ್ತರಕ್ಕೆ. ಈಗ ಯಾವ ಉತ್ತರವಾದರೂ ಆಗಲಿ, ಅವರ ದನಿಯಲ್ಲಿ ಒಮ್ಮೆ ಕೇಳಿದ್ದರೆ ಸಾಕಿತ್ತು ಎನಿಸುತ್ತದೆ. ಆಗ ನನ್ನ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು.

ನಿನ್ನ,
ಅನ್ನಪೂರ್ಣಮ್ಮ